ಪ್ರಶ್ನೋತ್ತರ: ಕಟಕಟೆಯಲ್ಲಿ ಆರೋಪಿ ಹೇಳಿದ್ದಕ್ಕೆ ಎಷ್ಟು ಬೆಲೆ?

ಅಡ್ಮಿನ್: ಎರಡು ದಿನದಿಂದ ನಮ್ಮ ತುಮಕೂರು ಗುಂಪಿನಲ್ಲಿ ಆಸ್ಕರ್ ಪಿಸ್ಟೋರಿಯಸ್ ಕೋರ್ಟಿನಲ್ಲಿ ಅಳುವ ಹಳೆಯ ಕ್ಲಿಪ್ ಓಡಾಡುತ್ತಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅವನು ದಕ್ಷಿಣ ಆಫ್ರಿಕಾದ ಓಟಗಾರ, ಎರಡೂ ಕೃತಕ ಕಾಲು. 2013ರ ಫೆಬ್ರವರಿ 14ರ ಬೆಳಗಿನ ಜಾವ ತನ್ನ ಮನೆಯ ಟಾಯ್ಲೆಟ್ ಬಾಗಿಲಿಗೆ ನಾಲ್ಕು ಗುಂಡು ಹೊಡೆದ. ಒಳಗಿದ್ದ ಗೆಳತಿ ರೀವಾ ಸ್ಟೀನ್‌ಕ್ಯಾಂಪ್ ಸತ್ತರು. ಕಳ್ಳ ಅಂದುಕೊಂಡೆ ಎಂದು ಕೋರ್ಟಿನಲ್ಲಿ ಹೇಳಿದ. ಆರೋಪಿ ಮಾತನ್ನು ನಂಬಬೇಕಾ, ನಮ್ಮ ಕೋರ್ಟಿನಲ್ಲಿ ಹೇಗೆ ಎಂದು ಕೇಳುವವರು ಇಲ್ಲಿ ಕೇಳಿ. ಕ್ರಿಮಿನಲ್ ಕೇಸು ನಡೆಸುವ ನಮ್ಮ ಲಾಯರ್ ಮೇಡಂ ಸಂಜೆ ಉತ್ತರ ಕೊಡ್ತಾರೆ.

ಗುಬ್ಬಿ ಹುಡುಗ: ಮೇಡಂ, ಅಷ್ಟು ಅತ್ತವನು ಸುಳ್ಳು ಹೇಳ್ತಾನಾ? ಜಡ್ಜ್ ಅದನ್ನ ನೋಡಲ್ವಾ?

ಲಾಯರ್ ಮೇಡಂ: ಆ ಕ್ಲಿಪ್ಪಿನಲ್ಲಿ ಅವನು ಸಾಕ್ಷಿ ಹೇಳುತ್ತಿಲ್ಲ, ಆರೋಪಿ ಜಾಗದಲ್ಲಿ ಕೂತು ಅಳುತ್ತಿದ್ದಾನೆ ಅಷ್ಟೇ. 2014ರ ಏಪ್ರಿಲ್‌ನಲ್ಲಿ ಸಾಕ್ಷಿ ಹೇಳಿದ ದಿನಗಳಲ್ಲಿ ಅವನ ಮುಖ ಟಿವಿಯಲ್ಲಿ ಬರಲೇ ಇಲ್ಲ, ದನಿ ಮಾತ್ರ ಬಂತು. ಹಾಗಾಗಿ "ಸಾಕ್ಷಿ ಹೇಳುವಾಗ ಕಣ್ಣೀರು ನೋಡಿದೆ" ಎಂದು ನಿನ್ನೆ ಬರೆದವರು ಏನು ನೋಡಿದರೋ!

ನ್ಯಾಯಾಧೀಶೆ ತೊಕೊಝಿಲೆ ಮಸಿಪಾ ಅವನ ಸಾಕ್ಷ್ಯ ಚೆನ್ನಾಗಿತ್ತು ಎನ್ನಲಿಲ್ಲ. ನೇರ ಉತ್ತರ ಕೊಡದೆ ಜಾರಿಕೊಳ್ಳುತ್ತಾನೆ ಎಂದರು. ಆದರೆ ಸುಳ್ಳು ಹೇಳಿದ ಮಾತ್ರಕ್ಕೆ ಕೊಲೆ ಮಾಡಿದ ಎಂದಾಗಲ್ಲ ಎಂದೂ ಹೇಳಿ, ಕೊಲೆ ಆರೋಪ ಬಿಟ್ಟು ಕಡಿಮೆ ಅಪರಾಧಕ್ಕೆ ತಪ್ಪಿತಸ್ಥ ಎಂದರು. 2015ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಕೊಲೆ ಎಂದೇ ತೀರ್ಮಾನಿಸಿತು. ಬಾಗಿಲ ಹಿಂದೆ ಯಾರೇ ಇರಲಿ, ಅಷ್ಟು ಸಣ್ಣ ಜಾಗಕ್ಕೆ ನಾಲ್ಕು ಗುಂಡು ಹೊಡೆದರೆ ಸಾಯಬಹುದು ಅಂತ ಅವನಿಗೆ ಹೊಳೆದೇ ಇರಬೇಕು, ಅಲ್ವಾ? ಲೆಕ್ಕಕ್ಕೆ ಬಂದದ್ದು ಅದು. ಕಣ್ಣೀರು ಎರಡೂ ಕಡೆ ಲೆಕ್ಕಕ್ಕೆ ಬರಲಿಲ್ಲ.

ತಿಪಟೂರು ಮಂಡಿ: ಎಲ್ಲಾ ನಾಟಕ. ದುಡ್ಡಿದ್ದವರ ಅಳು.

ತುರುವೇಕೆರೆ ಮೇಷ್ಟ್ರು: ಮಂಡಿಯವರೇ, ಮನುಷ್ಯ ಅತ್ತರೆ ನಾಟಕ, ಅಳದಿದ್ದರೆ ಕಲ್ಲು ಹೃದಯ. ಅವನು ಏನು ಮಾಡಬೇಕು ಹೇಳಿ?

ಪಾವಗಡ ಬಿಸಿಲು: ನಮ್ಮಲ್ಲಿ ಆರೋಪಿ ಬಾಯೇ ಬಿಡಲ್ಲವಲ್ಲ ಮೇಡಂ. ತಪ್ಪು ಮಾಡಿಲ್ಲ ಅಂದ್ರೆ ಯಾಕೆ ಸುಮ್ನಿರಬೇಕು?

ಲಾಯರ್ ಮೇಡಂ: ಸುಮ್ಮನಿರುವುದು ಅವನ ಹಕ್ಕು. ಸಂವಿಧಾನದ 20(3)ನೇ ವಿಧಿ ಓದಿ. ತನ್ನ ವಿರುದ್ಧ ತಾನೇ ಸಾಕ್ಷಿಯಾಗು ಎಂದು ಆರೋಪಿಯನ್ನು ಬಲವಂತ ಮಾಡುವಂತಿಲ್ಲ.

ನಮ್ಮಲ್ಲಿ ಎರಡು ಬೇರೆ ಬೇರೆ ಸಂಗತಿ ಇವೆ, ಜನ ಕಲಸಿಬಿಡ್ತಾರೆ. ಪ್ರಾಸಿಕ್ಯೂಷನ್ (ಕೇಸು ನಡೆಸುವ ಸರ್ಕಾರದ ಕಡೆ) ಸಾಕ್ಷಿಗಳು ಮುಗಿದ ಮೇಲೆ ಜಡ್ಜ್ ಆರೋಪಿಯನ್ನು ಕೇಳ್ತಾರೆ: ನಿನ್ನ ಮೇಲೆ ಇಂಥವರು ಹೀಗೆ ಹೇಳಿದ್ದಾರೆ, ಏನಂತೀಯ? ಅದು ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಎಂದು ಹೇಳುವ ಹಳೇ ಕಾನೂನು ಸಿಆರ್‌ಪಿಸಿಯ 313ನೇ ಸೆಕ್ಷನ್, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 351. ಪ್ರಮಾಣ ಇಲ್ಲ, ಪಾಟೀ ಸವಾಲಿಲ್ಲ, ಉತ್ತರ ಕೊಡದಿದ್ದರೂ ಸುಳ್ಳು ಹೇಳಿದರೂ ಅದಕ್ಕಾಗಿ ಶಿಕ್ಷೆ ಇಲ್ಲ. ಇನ್ನೊಂದು, ಪಿಸ್ಟೋರಿಯಸ್ ಮಾಡಿದ ಹಾಗೆ ಪ್ರಮಾಣ ಮಾಡಿ ಸಾಕ್ಷಿ ಕಟಕಟೆ ಹತ್ತುವುದು. ಅದು ಹಳೇ 315, ಈಗ 353. ಆರೋಪಿ ತಾನೇ ಬರೆದು ಕೇಳಿಕೊಂಡರೆ ಮಾತ್ರ. ಹತ್ತಿದರೆ ಪಾಟೀ ಸವಾಲು ತಪ್ಪಲ್ಲ. ಹತ್ತಲಿಲ್ಲ ಅಂತ ಪಿ.ಪಿ.ಯೂ (ಸರ್ಕಾರಿ ವಕೀಲರು) ಜಡ್ಜೂ ಒಂದು ಮಾತು ಆಡುವಂತಿಲ್ಲ. ನಮ್ಮ ಕೊಲೆ ಕೇಸುಗಳಲ್ಲಿ ಹತ್ತುವವರು ಕಡಿಮೆ.

ಬಟವಾಡಿ ಬುಲೆಟ್: ಜೀವಾವಧಿ ಅಂದ್ರೆ 14 ವರ್ಷ ತಾನೆ? ಹಗಲು ರಾತ್ರಿ ಬೇರೆ ಬೇರೆ ಎಣಿಸಿದ್ರೆ 7 ಅಂತೆ.

ಲಾಯರ್ ಮೇಡಂ: ಇಲ್ಲ. ಜೀವ ಇರುವವರೆಗೆ. ಸರ್ಕಾರ ಶಿಕ್ಷೆ ಕಡಿಮೆ ಮಾಡಬಹುದು, ಕೊಲೆ ಕೇಸಿನಲ್ಲಿ ಅದಕ್ಕೂ ಮೊದಲು ಕನಿಷ್ಠ 14 ವರ್ಷ ಒಳಗಿರಬೇಕು. ಹಗಲು ರಾತ್ರಿ ಎಣಿಕೆ ಯಾವ ಕಾನೂನಿನಲ್ಲೂ ಇಲ್ಲ.

ಕೊರಟಗೆರೆ ಅಮ್ಮ: ಮೇಡಂ ನಮ್ಮ ಜಮೀನು ಪೋಡಿ ಆಗಿಲ್ಲ, ಸರ್ವೆಯವರು ಬರ್ತಾನೇ ಇಲ್ಲ. ಏನ್ ಮಾಡ್ಲಿ?

ಶಿರಾ ಗೇಟ್ ಸೋದರ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ. "ಕೊಲೆ ಕೇಸಲ್ಲಿ ಜಡ್ಜ್ ಏನು ಕೇಳಿದರೂ ‘ಸುಳ್ಳು’ ಎಂದಷ್ಟೇ ಹೇಳಿ. ಒಂದು ಮಾತು ಜಾಸ್ತಿ ಆಡಿದರೆ ಗಲ್ಲು. ಸತ್ತವರ ಮನೆಯವರಿಂದ 100 ರೂಪಾಯಿ ಸ್ಟಾಂಪ್ ಪೇಪರ್ ಮೇಲೆ ರಾಜಿ ಬರೆಸಿಕೊಂಡರೆ ಕೇಸ್ ಕ್ಲೋಸ್." 🙏🙏

ಲಾಯರ್ ಮೇಡಂ: ದಯವಿಟ್ಟು ಇದನ್ನು ತೆಗೆಯಿರಿ. ಕೊಲೆ ಕೇಸು ರಾಜಿ ಆಗಲ್ಲ. 100 ಅಲ್ಲ, ಲಕ್ಷ ರೂಪಾಯಿ ಪೇಪರ್ ತಂದರೂ ಆಗಲ್ಲ. ಅದನ್ನು ಬರೆಸಲು ಅವರ ಮನೆಗೆ ಹೋದರೆ ಸಾಕ್ಷಿ ಬೆದರಿಸಿದ ಎಂದು ಇನ್ನೊಂದು ಕೇಸು ಬೀಳಬಹುದು, ಜಾಮೀನೂ ಹೋಗಬಹುದು.

ಹೊಸ ಸದಸ್ಯ: ಅಕ್ಕ, ಈ ಫಾರ್ವರ್ಡ್ ನಮಗೂ ಬಂದಿದೆ, ಅದಕ್ಕೇ ಕೇಳ್ತಿದ್ದೀನಿ. ನಮ್ಮ ಊರು (ಊರ ಹೆಸರು ತೆಗೆದಿದೆ – ಅಡ್ಮಿನ್). ಭಾವನ ಮೇಲೆ ಕೊಲೆ ಕೇಸು. 2022ರಲ್ಲಿ ಬದುವಿನ ವಿಷಯಕ್ಕೆ ಗಲಾಟೆ ಆಯ್ತು, ಪಕ್ಕದ ಹೊಲದವರು ತೀರಿಕೊಂಡರು. ಭಾವ ಹೊಡೆದಿಲ್ಲ. ಬಿದ್ದವರನ್ನ ಎತ್ತಿ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೇ ಭಾವ. ಅಂಗಿಯೆಲ್ಲಾ ರಕ್ತ. ಅದನ್ನೇ ಪೊಲೀಸರು ಸೀಜ್ ಮಾಡಿದ್ರು. ಸಾಕ್ಷಿಗಳೆಲ್ಲ ಮುಗಿದ್ರು, ಮುಂದಿನ ವಾಯಿದೆಗೆ 313 ಅಂತೆ. ಎಲ್ಲದಕ್ಕೂ ‘ಸುಳ್ಳು’ ಅನ್ನು ಅಂತ ಮನೇಲಿ ಎಲ್ಲರೂ ಹೇಳ್ತಿದ್ದಾರೆ. ಹಾಗೇ ಹೇಳಿಸಲಾ?

ಲಾಯರ್ ಮೇಡಂ: ಹೇಳಿಸಬೇಡಿ ತಮ್ಮಾ. ಮೊದಲು ಊರ ಹೆಸರು ತೆಗೆಯಿರಿ, ಆಮೇಲೆ ಇದನ್ನು ನಿಧಾನವಾಗಿ ಓದಿ.

ಅವತ್ತು ಏನಾಗುತ್ತೆ ಗೊತ್ತಾ? ಪ್ರಶ್ನೆಗಳು ಮೊದಲೇ ಟೈಪ್ ಆಗಿರುತ್ತವೆ. ಒಂದೊಂದಾಗಿ ಓದ್ತಾರೆ. ಒಂದನೇ ಸಾಕ್ಷಿ ನೀನು ಅಲ್ಲಿದ್ದೆ ಎಂದಿದ್ದಾನೆ, ಏನಂತೀಯ? ಸುಳ್ಳು. ಮಹಜರ್ ಸಾಕ್ಷಿ ನಿನ್ನ ಅಂಗಿ ವಶಪಡಿಸಿಕೊಂಡರು ಎಂದಿದ್ದಾನೆ. ಸುಳ್ಳು. ಲ್ಯಾಬ್ ವರದಿ ಪ್ರಕಾರ ಅಂಗಿ ಮೇಲಿನದು ಸತ್ತವರ ಗುಂಪಿನ ರಕ್ತ. ಸುಳ್ಳು. ಹತ್ತು ನಿಮಿಷದಲ್ಲಿ ಮುಗಿದು, ಸಹಿ ಹಾಕಿಸಿ ಕಳಿಸ್ತಾರೆ. ಅಂಗಿ ಮಾತ್ರ ಎಂ.ಓ. (ಸಾಕ್ಷ್ಯದ ವಸ್ತು) ನಂಬರ್ ಹಾಕಿಸಿಕೊಂಡು ಮೇಜಿನ ಮೇಲೆ ಹಾಗೇ ಇರುತ್ತೆ, ಅದಕ್ಕೆ ವಿವರಣೆ ಕೊಡುವವರು ಯಾರೂ ಇಲ್ಲ. ವಾದದ ದಿನ ನಿಮ್ಮ ವಕೀಲರು "ಎತ್ತಿಕೊಂಡು ಹೋಗಿದ್ದಕ್ಕೆ ರಕ್ತ ಆಯ್ತು" ಎಂದರೆ ಜಡ್ಜ್ ಕೇಳುವ ಮೊದಲ ಪ್ರಶ್ನೆ, ಇದನ್ನು 313ರಲ್ಲಿ ಅವನೇ ಯಾಕೆ ಹೇಳಲಿಲ್ಲ ಅಂತ.

ಬೇರೆಯವರ ಕೇಸಿನಲ್ಲಿ ‘ಸುಳ್ಳು’ ಸರಿ ಇರಬಹುದು. ಅಲ್ಲೇ ಇರಲಿಲ್ಲ, ಏನೂ ಗೊತ್ತಿಲ್ಲ ಅನ್ನುವವನಿಗೆ ಬೇರೆ ಉತ್ತರ ಎಲ್ಲಿದೆ? ನಿಮ್ಮ ಭಾವ ಅಲ್ಲಿದ್ದರು, ಕಾರಣವೂ ಇದೆ. ನಿಜವಾದ ವಿವರಣೆ ಕೈಯಲ್ಲಿ ಇಟ್ಟುಕೊಂಡು ಅದನ್ನು ಅಲ್ಲಗಳೆಯುವುದೇ ಅಪಾಯ. ಸುಪ್ರೀಂ ಕೋರ್ಟ್ 1984ರ ಶರದ್ ಬಿರ್ಧಿಚಂದ್ ಸಾರ್ದಾ ಕೇಸಿನಲ್ಲಿ ಹೇಳಿದ್ದು ಇಷ್ಟು: ಪ್ರಾಸಿಕ್ಯೂಷನ್ ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಆರೋಪಿಯ ಸುಳ್ಳಿನಿಂದ ಅದರ ಕೊರತೆ ತುಂಬಿಸುವಂತಿಲ್ಲ. ಆದರೆ ಉಳಿದ ಸರಪಳಿ ಪೂರ್ತಿ ಇದ್ದರೆ, ಸುಳ್ಳು ವಿವರಣೆ ಇನ್ನೊಂದು ಕೊಂಡಿ ಆಗಬಹುದು.

ಇನ್ನು ದಾಖಲೆ. ಗಲಾಟೆಯಲ್ಲಿ ಗಾಯಗೊಂಡವರು ಬಂದರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ ಪುಸ್ತಕದಲ್ಲಿ (ಪೊಲೀಸ್ ಕೇಸಾಗುವಂಥ ಗಾಯಗಳ ದಾಖಲೆ) ಬರೀತಾರೆ. ಅದರಲ್ಲಿ ಗಾಯಾಳುವನ್ನು ಕರೆತಂದವರು ಯಾರು ಅಂತಲೂ ಬರೆಯುವುದುಂಟು. ಆ ಸಾಲಿನಲ್ಲಿ ನಿಮ್ಮ ಭಾವನ ಹೆಸರು ಇದೆಯಾ? ನನಗೆ ಇಡೀ ಕೇಸಿನಲ್ಲಿ ಕುತೂಹಲ ಇರುವುದು ಆ ಒಂದು ಸಾಲಿನ ಮೇಲೆ. ಹೊಡೆದವನು ಹೆಸರು ಬರೆಸಿ ನಿಲ್ಲುವುದು ಅಪರೂಪ. ಹಾಗಂತ ನೀವೇ ಆಸ್ಪತ್ರೆಗೆ ಹೋಗಿ ಗುಮಾಸ್ತರ ಹತ್ತಿರ ಆ ಪುಟ ಕೇಳಬೇಡಿ. ವಕೀಲರು ಕೋರ್ಟಿಗೆ ಅರ್ಜಿ ಹಾಕಿ ತರಿಸ್ತಾರೆ. ಆಟೋದವರನ್ನು ನಿಮ್ಮ ಕಡೆ ಸಾಕ್ಷಿಯಾಗಿ ಕರೆಸಬಹುದು. ಡಾಕ್ಟರನ್ನು ಇದರ ಬಗ್ಗೆ ಕೇಳಿಲ್ಲದಿದ್ದರೆ ಮತ್ತೆ ಕರೆಸಲು 311ರಲ್ಲಿ ಅರ್ಜಿ ಉಂಟು. ಹೊಸ ಕಾನೂನು ಜಾರಿಗೆ ಬಂದ 2024ರ ಜುಲೈ 1ಕ್ಕೆ ಮೊದಲೇ ವಿಚಾರಣೆ ಶುರುವಾಗಿದ್ದರೆ ಹಳೇ ಕಾನೂನೇ ನಡೆಯುತ್ತೆ, ಸೆಕ್ಷನ್ ನಂಬರಿಗೆ ತಲೆ ಕೆಡಿಸಿಕೊಳ್ಳಬೇಡಿ.

313ರಲ್ಲಿ ಬಾಯಿ ಮಾತಿನ ಜೊತೆಗೆ ಬರವಣಿಗೆಯಲ್ಲೂ ಹೇಳಿಕೆ ಕೊಡಬಹುದು. ಕೋರ್ಟಿನಲ್ಲಿ ನಾಲಿಗೆ ಒಣಗುವವರಿಗೆ ಅದು ಒಳ್ಳೆಯದು. ಭಾವ ಹೇಳುವುದು ಸಂಭವ ಅನ್ನಿಸಿದರೆ ಸಾಕು. ಅನುಮಾನಕ್ಕೆ ಎಡೆ ಇಲ್ಲದಂತೆ ಸಾಬೀತು ಮಾಡುವ ಹೊರೆ ಪ್ರಾಸಿಕ್ಯೂಷನ್ ಮೇಲಿದೆ, ಅವರ ಮೇಲಲ್ಲ. ಕಟಕಟೆ ಹತ್ತುವ ವಿಷಯ ನಾನು ಇಲ್ಲಿ ಕೂತು ಹೇಳಲ್ಲ. ಫೈಲ್ ಓದಿದವರು ನಿಮ್ಮ ವಕೀಲರು. ನಾಳೆ ಬೆಳಿಗ್ಗೆಯೇ ಅವರಿಗೆ ಫೋನ್ ಮಾಡಿ, ವಾಯಿದೆ ದಿನ ಕಾರಿಡಾರಿನಲ್ಲಿ ಹೇಳೋಣ ಅಂತ ಬಿಡಬೇಡಿ.

ತಿಪಟೂರು ಮಂಡಿ: ಹೊಡೆದವನೇ ಆಸ್ಪತ್ರೆಗೂ ಕರ್ಕೊಂಡು ಹೋಗಿರಬಹುದಲ್ಲ ಮೇಡಂ. ಭಯ ಬಿದ್ದು.

ತುರುವೇಕೆರೆ ಮೇಷ್ಟ್ರು: ಮಂಡಿಯವರೇ, ಆ ಹುಡುಗ ಇಲ್ಲೇ ಓದ್ತಿದ್ದಾನೆ. ಸ್ವಲ್ಪ ನಾಲಿಗೆ ಹಿಡೀರಿ.

ತಿಪಟೂರು ಮಂಡಿ: ಸತ್ತವರ ಮನೆಯವರೂ ಈ ಗುಂಪಲ್ಲಿ ಇರಬಹುದು ಮೇಷ್ಟ್ರೇ. ಅವರ ಪರ ಯಾರು ಮಾತಾಡ್ತಾರೆ? ಇಲ್ಲಿ ಆರೋಪಿಗಳಿಗೆ ಟ್ಯೂಷನ್ ನಡೀತಿದೆ.

ತುರುವೇಕೆರೆ ಮೇಷ್ಟ್ರು: ಟ್ಯೂಷನ್ ಅಲ್ಲ, ಕಾನೂನು. ಹೋದ ವರ್ಷ ನಿಮ್ಮ ಕೊಬ್ಬರಿ ತೂಕದ ತಕರಾರಿನಲ್ಲಿ ನೀವೂ ವಕೀಲರ ಹತ್ತಿರ ಓಡಿದ್ರಿ.

ತಿಪಟೂರು ಮಂಡಿ: ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?

ಲಾಯರ್ ಮೇಡಂ: ಮಂಡಿಯವರು ಹೇಳಿದ್ದು ಆಗಬಹುದಾದ ಮಾತೇ. ಪಿ.ಪಿ.ಯೂ ಅದನ್ನೇ ವಾದಿಸ್ತಾರೆ. ಅದಕ್ಕೇ ಆಟೋದವರು ಬೇಕು, ದಾರಿಯಲ್ಲಿ ಏನು ಮಾತಾಡಿದರು ಅಂತ ಹೇಳಲು. ಸತ್ತವರ ಮನೆಯವರೂ ಪಿ.ಪಿ.ಗೆ ನೆರವಾಗಲು ತಮ್ಮ ವಕೀಲರನ್ನು ಇಡಬಹುದು, ಕೋರ್ಟ್ ಅನುಮತಿ ಬೇಕು. ಅವರು ಬಂದು ಕೇಳಿದರೂ ಉತ್ತರ ಕೊಡ್ತೀನಿ.

ಪಾವಗಡ ಬಿಸಿಲು: ಇಷ್ಟೆಲ್ಲಾ ಯಾಕೆ? ನಾರ್ಕೋ, ಅದೇ ಮಂಪರು ಪರೀಕ್ಷೆ ಮಾಡಿಸಿದ್ರೆ ಸತ್ಯ ಹೊರಗೆ ಬರುತ್ತೆ.

ಲಾಯರ್ ಮೇಡಂ: ನಮ್ಮ ರಾಜ್ಯದ ಕೇಸೇ ಇದೆ. ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ, ಸುಪ್ರೀಂ ಕೋರ್ಟ್, 2010. ಒಪ್ಪಿಗೆ ಇಲ್ಲದೆ ನಾರ್ಕೋ, ಸುಳ್ಳು ಪತ್ತೆ ಯಂತ್ರ, ಬ್ರೈನ್ ಮ್ಯಾಪಿಂಗ್ ಯಾವುದೂ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಆ ಮಾತು ಸಾಕ್ಷ್ಯ ಅಲ್ಲ.

ಗುಬ್ಬಿ ಹುಡುಗ: ಟಿವಿಯಲ್ಲಿ ‘ಸ್ವಇಚ್ಛಾ ಹೇಳಿಕೆ ಕೊಟ್ಟ, ತಪ್ಪೊಪ್ಪಿಕೊಂಡ’ ಅಂತ ಬರುತ್ತಲ್ಲ?

ಲಾಯರ್ ಮೇಡಂ: ಪೊಲೀಸರ ಮುಂದೆ ಒಪ್ಪಿಕೊಂಡಿದ್ದು ಕೋರ್ಟಿನಲ್ಲಿ ನಡೆಯಲ್ಲ. ಅವನು ತೋರಿಸಿದ ಜಾಗದಲ್ಲಿ ಮಚ್ಚು ಸಿಕ್ಕರೆ, ಆ ಸಿಕ್ಕಿದ್ದಕ್ಕೆ ಸಂಬಂಧಪಟ್ಟ ಮಾತಷ್ಟೇ ನಡೆಯುತ್ತೆ.

ಕೊರಟಗೆರೆ ಅಮ್ಮ: ಮೇಡಂ ಪೋಡಿ ವಿಷಯ ಕೇಳಿದ್ದೆ 🙏

ಬಟವಾಡಿ ಬುಲೆಟ್: ಒಳ್ಳೇ ನಡತೆ ಇದ್ರೆ 14ಕ್ಕೂ ಮುಂಚೆ ಬಿಡ್ತಾರಂತೆ, ಹೌದಾ?

ಲಾಯರ್ ಮೇಡಂ: ಮೇಲೆ ಬರೆದಿದ್ದೀನಿ.

ಬಟವಾಡಿ ಬುಲೆಟ್: ಪಿಸ್ಟೋರಿಯಸ್ ಬೇಗ ಹೊರಗೆ ಬಂದನಲ್ಲ ಮತ್ತೆ?

ಲಾಯರ್ ಮೇಡಂ: ಅದು ಅವರ ದೇಶದ ಕಾನೂನು. 2017ರಲ್ಲಿ ಶಿಕ್ಷೆಯನ್ನು 13 ವರ್ಷ 5 ತಿಂಗಳಿಗೆ ಏರಿಸಿದರು, 2024ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಬುಲೆಟ್ ಅವರೇ, ಇದೇ ಕೊನೆ.

ಶಿರಾ ಗೇಟ್ ಸೋದರ: ಮೇಡಂ ನನ್ನ ಫಾರ್ವರ್ಡ್ ತಪ್ಪು ಅಂತೀರಿ, ಆದ್ರೆ ಅದನ್ನ ಕಳಿಸಿದವರು ರಿಟೈರ್ಡ್ ಪೇದೆ. 30 ವರ್ಷ ಸರ್ವಿಸ್.

ಲಾಯರ್ ಮೇಡಂ: ಅವರು ಯಾರೇ ಆಗಲಿ. ಇನ್ನೂ ತೆಗೆದಿಲ್ಲ ನೀವು.

ಶಿರಾ ಗೇಟ್ ಸೋದರ: ನಾನು ಒಳ್ಳೇದಕ್ಕೆ ಹಾಕಿದ್ದು. ಇಷ್ಟು ಕೋಪ ಬೇಡ.

ತುರುವೇಕೆರೆ ಮೇಷ್ಟ್ರು: ಒಳ್ಳೇದಕ್ಕೆ ಹಾಕಿ ಒಬ್ಬನ ಮನೆ ಹಾಳು ಮಾಡ್ತಿದ್ರಿ.

ತಿಪಟೂರು ಮಂಡಿ: ಮೇಷ್ಟ್ರು ಎಲ್ಲರಿಗೂ ಪಾಠ ಹೇಳ್ತಾರೆ, ಸ್ಕೂಲಲ್ಲಿ ಹೇಳಿದ್ರೋ ಇಲ್ವೋ.

ಅಡ್ಮಿನ್: ವೈಯಕ್ತಿಕ ಬೇಡ. ಎರಡನೇ ಸಲ ಹೇಳ್ತಿದ್ದೀನಿ.

ಹೊಸ ಸದಸ್ಯ: ಅಕ್ಕ, ತಡೆಯಕ್ಕಾಗದೆ ವಕೀಲರಿಗೆ ಈಗಲೇ ಫೋನ್ ಮಾಡಿದೆ. ತನಿಖೆ ಮಾಡಿದ ಇನ್‌ಸ್ಪೆಕ್ಟರಿಗೆ ಪಾಟೀ ಸವಾಲಿನಲ್ಲಿ ಇದನ್ನ ಕೇಳಿದ್ದಾರಂತೆ, ‘ಗಾಯಾಳುವನ್ನು ಯಾರು ಕರೆತಂದರು ಗೊತ್ತಿಲ್ಲ’ ಅಂದಿದ್ದಾರಂತೆ. ಎಂಎಲ್‌ಸಿ ಪುಸ್ತಕ ತರಿಸಲು ಅರ್ಜಿ ಹಾಕ್ತೀನಿ ಅಂದ್ರು. ಸೋಮವಾರ ಭಾವನ್ನ ಕರ್ಕೊಂಡು ಬರಕ್ಕೆ ಹೇಳಿದ್ದಾರೆ.

ಲಾಯರ್ ಮೇಡಂ: ಆಗ ಕೇಳಿದ್ದು ಒಳ್ಳೆಯದಾಯ್ತು, ಈಗ ಹೊಸದಾಗಿ ಕಟ್ಟಿದ ಕಥೆ ಎನ್ನಲು ಆಗಲ್ಲ. ತನಿಖೆ ಮಾಡಿದವರಿಗೇ ಅದು ಗೊತ್ತಿಲ್ಲ ಅನ್ನುವುದೂ ನಿಮಗೆ ಉಪಯೋಗ. ಸೋಮವಾರ ಭಾವ ಒಬ್ಬರೇ ವಕೀಲರ ಜೊತೆ ಮಾತಾಡಲಿ, ನೀವು ಹೊರಗೆ ಕೂತಿರಿ. ಮನೆಯವರು ಪಕ್ಕದಲ್ಲಿದ್ದರೆ ಕೆಲವು ಮಾತು ಬಾಯಿಗೆ ಬರಲ್ಲ. ಊರ ಹೆಸರು ಹೋಯ್ತಾ?

ಹೊಸ ಸದಸ್ಯ: ಅಡ್ಮಿನ್ ತೆಗೆದಿದ್ದಾರೆ. ಆದ್ರೆ ಅದಕ್ಕೆ ಮುಂಚೆಯೇ ಮಂಡಿಯವರು ಸ್ಕ್ರೀನ್‌ಶಾಟ್ ಹೊಡೆದು ನಮ್ಮ ತಾಲ್ಲೂಕಿನ ಗುಂಪಿಗೆ ಹಾಕಿದ್ದಾರೆ. ನಮ್ಮೂರಿನವರು ಫೋನ್ ಮಾಡಿ ಕೇಳ್ತಿದ್ದಾರೆ.

ಲಾಯರ್ ಮೇಡಂ: ಮಂಡಿಯವರೇ, ಅಳಿಸಿ. ಈಗಲೇ. ಚರ್ಚೆ ಆಮೇಲೆ.

ತಿಪಟೂರು ಮಂಡಿ: ನೋಡ್ತೀನಿ, ಅಲ್ಲಿ ಅಡ್ಮಿನ್ ನಾನಲ್ಲ.

ಅಡ್ಮಿನ್: ಕಾಮೆಂಟ್ ಮುಚ್ಚಿದ್ದೇನೆ. ಮಂಡಿಯವರೇ, ಫೋನ್ ಎತ್ತಿ.