ಕಸಿಯಾಗಿ ಎರಡು ವರ್ಷವಾಯಿತು, ಮಾತ್ರೆ ಕಡಿಮೆ ಮಾಡಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ಅಕ್ಕ ಕೊಟ್ಟ ಕಿಡ್ನಿಯನ್ನು ನನಗೆ ಕಸಿ ಮಾಡಿ ಎರಡು ವರ್ಷವಾಯಿತು. ಕ್ರಿಯಾಟಿನಿನ್ 1.1 ಇದೆ, ಆರಾಮಾಗಿದ್ದೇನೆ. ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್ ಮೂರೂ ನಡೆಯುತ್ತಿವೆ. ಇತ್ತೀಚೆಗೆ ಕೈ ನಡುಗುತ್ತದೆ. ಒಡಹುಟ್ಟಿದವಳದೇ ಕಿಡ್ನಿ, ಇಷ್ಟು ಹೊತ್ತಿಗೆ ದೇಹ ಒಗ್ಗಿಕೊಂಡಿರುತ್ತದೆ ಅಲ್ವಾ? ನಾನೇ ಸ್ವಲ್ಪ ಕಡಿಮೆ ಮಾಡಿದರೆ?

ಉತ್ತರ: ದಯವಿಟ್ಟು ಬೇಡ. ದೇಹ ಒಗ್ಗಿಕೊಂಡಿಲ್ಲ, ಮಾತ್ರೆಗಳು ಅದನ್ನು ಸುಮ್ಮನಿರಿಸಿವೆ ಅಷ್ಟೇ. 1954ರಲ್ಲಿ ಬಾಸ್ಟನ್‌ನಲ್ಲಿ ಮೊದಲ ಸಲ ಕಿಡ್ನಿ ಕಸಿ ಗೆದ್ದಾಗ ಇಂಥ ಮಾತ್ರೆ ಇರಲಿಲ್ಲ ನಿಜ. ಆದರೆ ಕೊಟ್ಟವರು, ಪಡೆದವರು ತದ್ರೂಪಿ ಅವಳಿಗಳು. ಅಕ್ಕ ಎಷ್ಟೇ ಹತ್ತಿರದವರಾದರೂ ಹೊರಗಿನದರ ಮೇಲೆ ದಾಳಿ ಮಾಡುವ ನಿಮ್ಮ ಬಿಳಿ ರಕ್ತಕಣಗಳಿಗೆ, ಅಂದರೆ ಟಿ ಕಣಗಳಿಗೆ, ಆ ಕಿಡ್ನಿ ಹೊರಗಿನದೇ. ಅವು ಗುಂಪುಕಟ್ಟಿ ಹೆಚ್ಚದಂತೆ ತಡೆಯುವುದೇ ಟ್ಯಾಕ್ರೋಲಿಮಸ್ ಕೆಲಸ.

ಇನ್ನು, ರಿಜೆಕ್ಷನ್, ಅಂದರೆ ಕಸಿಯಾದ ಕಿಡ್ನಿಯ ಮೇಲೆ ದೇಹದ ದಾಳಿ, ಶುರುವಾದರೆ ನೋವು, ಜ್ವರ ಬರಲೇಬೇಕೆಂದಿಲ್ಲ. ಎಷ್ಟೋ ಸಲ ಮೊದಲು ಏರುವುದು ರಕ್ತದಲ್ಲಿನ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ. ಅದಕ್ಕೇ 'ಆರಾಮಾಗಿದ್ದೇನೆ' ಅನ್ನುವುದನ್ನು ನಾವು ಅಷ್ಟಾಗಿ ನಂಬುವುದಿಲ್ಲ, ಬೇಸರ ಮಾಡ್ಕೋಬೇಡಿ!

ಕೈ ನಡುಕ ಮಾತ್ರ ಮುಖ್ಯವಾದ ವಿಷಯ. ರಕ್ತದಲ್ಲಿ ಟ್ಯಾಕ್ರೋಲಿಮಸ್ ಜಾಸ್ತಿಯಾದರೆ ನಡುಕ ಬರುತ್ತದೆ, ಕಿಡ್ನಿಗೂ ಪೆಟ್ಟು ಬೀಳುತ್ತದೆ. ನಿಮ್ಮ ಕಸಿ ಡಾಕ್ಟರಿಗೆ ಇವತ್ತೇ ಹೇಳಿ, ಲೆವೆಲ್ ಟೆಸ್ಟ್ ಮಾಡಿಸಿ. ಡೋಸ್ ಇಳಿಸಬೇಕಾದರೆ ಅದನ್ನು ನೋಡಿ ಅವರೇ ಇಳಿಸುತ್ತಾರೆ. ಅಂದ ಹಾಗೆ, ಈಚೆಗೆ ಬೇರೆ ಯಾವ ಔಷಧ ತೆಗೆದುಕೊಂಡಿರಿ?

ಪ್ರಶ್ನೆ ಕೇಳಿದವರು: ಹೋದ ವಾರ ಗಂಟಲು ನೋವಿಗೆ ಮನೆಯಲ್ಲಿದ್ದ ಕ್ಲಾರಿಥ್ರೋಮೈಸಿನ್ ನುಂಗಿದ್ದೆ, ಐದು ದಿನ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ! ಟ್ಯಾಕ್ರೋಲಿಮಸ್ ಕರಗಿಸುವ ಲಿವರ್ ಕಿಣ್ವವನ್ನು ಅದು ತಡೆಯುತ್ತದೆ, ಲೆವೆಲ್ ಏರಿಬಿಡುತ್ತದೆ. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಕೂಡ ಹಾಗೇ. ಟಿಬಿಗೆ ಕೊಡುವ ರಿಫಾಂಪಿಸಿನ್ ಉಲ್ಟಾ, ಲೆವೆಲ್ ಇಳಿಸಿ ರಿಜೆಕ್ಷನ್‌ಗೆ ದಾರಿ ಮಾಡುತ್ತದೆ. ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆ ಕಿಡ್ನಿಗೇ ಕೆಟ್ಟದ್ದು. ಮನೆಯಲ್ಲಿ ಉಳಿದ ಮಾತ್ರೆ ಯಾವುದೇ ಇರಲಿ, ಕೇಳದೆ ನುಂಗಬೇಡಿ. ಕ್ಲಾರಿಥ್ರೋಮೈಸಿನ್ ವಿಷಯವನ್ನೂ ಡಾಕ್ಟರಿಗೆ ತಿಳಿಸಿ.

ಪ್ರಶ್ನೆ ಕೇಳಿದವರು: ಈಗಲೇ ಫೋನ್ ಮಾಡಿದೆ ಮೇಡಂ. ನಾಳೆ ಬೆಳಿಗ್ಗೆ ರಕ್ತ ಕೊಡಲು ಹೇಳಿದರು. ಮಾತ್ರೆ ನುಂಗಿ ಹೋಗಲಾ?

ಉತ್ತರ: ಇಲ್ಲ, ಟ್ಯಾಕ್ರೋಲಿಮಸ್ ನುಂಗಿ ಹೋದರೆ ಲೆವೆಲ್ ಸುಳ್ಳು ಹೇಳುತ್ತದೆ. ಮಾತ್ರೆ ಜೇಬಿನಲ್ಲಿರಲಿ. ರಕ್ತ ಕೊಟ್ಟ ಮೇಲೆ, ಡಾಕ್ಟರ್ ಬೇರೆ ಏನೂ ಹೇಳಿಲ್ಲವಾದರೆ, ಅಲ್ಲೇ ನುಂಗಿ.