ಡಾನ್ಸ್ ಸಂಗೀತ: ಬಿಡಿ ಹಾಡು ಸಾಕಾಯ್ತು, ಪೂರ್ತಿ ಕೇಳುವಂಥ ಆಲ್ಬಂ ಯಾವುದಿದೆ?

ಕೊತ್ರೂಡ್ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಈಗ ಪುಣೆ. ಕೊತ್ರೂಡ್‌ನಿಂದ ಹಿಂಜೆವಾಡಿಗೆ ಕಂಪನಿ ಬಸ್ಸಲ್ಲಿ ಓಡಾಟ. ಟ್ರಾಫಿಕ್ ಕೃಪೆಯಿಂದ ಹಾಡು ಕೇಳೋಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಮನೆಯಲ್ಲಿ ಕೇಳಿ ಬೆಳೆದದ್ದು ಭೀಮಸೇನ ಜೋಶಿ, ಕಾಲೇಜಿನಲ್ಲಿ ಹಂಸಲೇಖ. ಈಗ ಜಿಮ್ಮು, ಆಫೀಸ್ ಪಾರ್ಟಿ ಅಂತ ಇಂಗ್ಲಿಷ್ ಡಾನ್ಸ್ ಹಾಡುಗಳು ಕಿವಿಗೆ ಬೀಳುತ್ತಿವೆ. ಕೆಲವು ನಿಜಕ್ಕೂ ಹಿಡಿಸಿವೆ. ಆದರೆ ಆ್ಯಪ್ ಕೊಡುವ ಪ್ಲೇಲಿಸ್ಟ್ ಹಾಕಿದರೆ ಸ್ವಲ್ಪ ಹೊತ್ತಿಗೆ ಎಲ್ಲವೂ ಒಂದೇ ಥರ ಕೇಳುತ್ತದೆ. ಎಲೆಕ್ಟ್ರೋಪಾಪ್, ಡಾನ್ಸ್ ಅಂತ ಏನು ಕರೆಯುತ್ತಾರೋ, ಅದರಲ್ಲಿ ಮೊದಲಿನಿಂದ ಕೊನೆಯವರೆಗೂ ಕೇಳಿಸಿಕೊಳ್ಳುವ ಆಲ್ಬಂಗಳು ಇವೆಯಾ? ರಾಗ ಇರಲಿ, ಹಾಡುವವರು ಇದ್ದರೆ ಇನ್ನೂ ಒಳ್ಳೆಯದು. ಬರೀ ಢಬ್ ಢಬ್ ಬೇಡ. ಹಿಡಿಸಿದ್ದು, ಹಿಡಿಸದ್ದು ಎರಡನ್ನೂ ಹೇಳಿ.

ಠಾಣೆ ತಂಗಿ:

ಕಣ್ಣು ಮುಚ್ಚಿಕೊಂಡು ಹೇಳ್ತೀನಿ, ಮಡೋನಾ 2005ರಲ್ಲಿ ತಂದ ‘ಕನ್ಫೆಷನ್ಸ್ ಆನ್ ಎ ಡಾನ್ಸ್ ಫ್ಲೋರ್’ ಕೇಳಿ. ಹಾಡು ಹಾಡಿನ ನಡುವೆ ನಿಲ್ಲುವುದೇ ಇಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದರ ತಾಳ ಒಳಗೆ ಬಂದಿರುತ್ತದೆ. ಸ್ಟುವರ್ಟ್ ಪ್ರೈಸ್ ಅನ್ನೋ ನಿರ್ಮಾಪಕ ಕ್ಲಬ್‌ನಲ್ಲಿ ಡಿಜೆ ಹಾಕುವ ಹಾಗೇ ಜೋಡಿಸಿದ್ದಾನೆ. ಮೊದಲ ಹಾಡು ‘ಹಂಗ್ ಅಪ್’ ನಿಮಗೆ ಗೊತ್ತೇ ಇರುತ್ತದೆ. ಅದರಲ್ಲಿ ಮತ್ತೆ ಮತ್ತೆ ಬರುವ ಆ ಸಿಂಥ್ (ಸಿಂಥಸೈಜರ್, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ) ತುಣುಕು ಅಬ್ಬಾ ತಂಡದ 1979ರ ಹಾಡಿನದು. ಜಿಮ್‌ನಲ್ಲಿ ಅದೊಂದನ್ನೇ ಹಾಕ್ತಾರೆ. ಬಿಸಿಬೇಳೆ ಭಾತ್‌ನಲ್ಲಿ ಗೋಡಂಬಿ ಮಾತ್ರ ಆರಿಸಿ ತಿಂದ ಹಾಗೆ! ಪೂರ್ತಿ ಕೇಳಿದರೆ ಗೊತ್ತಾಗುತ್ತದೆ, ಮೊದಲರ್ಧ ಬರೀ ಕುಣಿತ, ಹೋಗ್ತಾ ಹೋಗ್ತಾ ಮಾತು ಭಾರವಾಗುತ್ತದೆ. ತಾಳ ಮಾತ್ರ ಬಿಡುವುದಿಲ್ಲ.

ಅಲ್ಲಿಂದ ರಾಬಿನ್‌ಗೆ ಬನ್ನಿ. ಸ್ವೀಡನ್ನಿನ ಗಾಯಕಿ. 2010ರಲ್ಲಿ ‘ಬಾಡಿ ಟಾಕ್’ ಅನ್ನೋದನ್ನು ಒಂದೇ ವರ್ಷದಲ್ಲಿ ಕಂತು ಕಂತಾಗಿ ಬಿಟ್ಟಳು, ಕೊನೆಗೆ ಆರಿಸಿದ ಹಾಡುಗಳದೇ ಒಂದು ಆಲ್ಬಂ ಮಾಡಿದಳು. ಆ ಕೊನೆಯದನ್ನೇ ಕೇಳಿ. ‘ಡಾನ್ಸಿಂಗ್ ಆನ್ ಮೈ ಓನ್’ ಹಾಡಿನಲ್ಲಿ ಹುಡುಗಿ ತಾನು ಪ್ರೀತಿಸಿದವನು ಇನ್ನೊಬ್ಬಳ ಜೊತೆ ಇರುವುದನ್ನು ನೋಡ್ತಾ ಮೂಲೆಯಲ್ಲಿ ಒಬ್ಬಳೇ ಕುಣಿಯುತ್ತಾಳೆ. ದುಃಖದ ಹಾಡು ಅಂದರೆ ನಿಧಾನ ಇರಬೇಕು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ ಅಲ್ವಾ? ಇದು ಹಾಗಿಲ್ಲ. ಕಾಲು ಕುಣಿಯುತ್ತಿರುತ್ತದೆ, ಗಂಟಲು ಕಟ್ಟಿರುತ್ತದೆ. ಸಂಜೆಯ ಕಲ್ಯಾಣ್ ಲೋಕಲ್‌ನಲ್ಲಿ ಬಾಗಿಲ ಹತ್ತಿರ ನಿಂತು ಇದನ್ನು ಕೇಳುವ ಸುಖ ಹೇಳಿ ಮುಗಿಯುವುದಿಲ್ಲ.

ದುವಾ ಲಿಪಾಳ ‘ಫ್ಯೂಚರ್ ನಾಸ್ಟಾಲ್ಜಿಯಾ’ ಹೇಗೂ ಯಾರಾದರೂ ಹೇಳ್ತಾರೆ, ನಾನೇ ಹೇಳಿಬಿಡ್ತೀನಿ. ಬಂದದ್ದು 2020ರ ಮಾರ್ಚ್ 27, ನಮ್ಮಲ್ಲಿ ಲಾಕ್‌ಡೌನ್ ಶುರುವಾದ ವಾರ. ಕುಣಿಯುವ ಜಾಗಕ್ಕೆಲ್ಲ ಬೀಗ ಬಿದ್ದಾಗ ಕುಣಿತದ ಆಲ್ಬಂ! 11 ಹಾಡು, ಮುಕ್ಕಾಲು ಗಂಟೆಯೂ ಇಲ್ಲ. ಒಂಬತ್ತು ಹಾಡು ಹೊಡೆತ. ಕೊನೆಯ ಎರಡು ಯಾಕೆ ಇಟ್ಟಳೋ ಗೊತ್ತಿಲ್ಲ, ಅಲ್ಲಿಯವರೆಗೆ ಕಟ್ಟಿದ್ದ ಹವಾ ಎಲ್ಲ ಇಳಿದುಹೋಗುತ್ತದೆ. 2024ರ ನವೆಂಬರ್‌ನಲ್ಲಿ ಮುಂಬೈಯ ಬಿಕೆಸಿಯಲ್ಲಿ ನಡೆದ ಕಾರ್ಯಕ್ರಮದಲ್ಲಿ ಇದೇ ಆಲ್ಬಂನ ‘ಲೆವಿಟೇಟಿಂಗ್’ಗೆ ಶಾರುಖ್ ಚಿತ್ರದ ಹಳೆಯ ಹಾಡು ಬೆರೆಸಿದಳಲ್ಲ, ಆ ವಿಡಿಯೊ ನೋಡದ ಮುಂಬೈಯವರು ಯಾರೂ ಇರಲಾರರು.

ಮಾಟುಂಗಾ ಮಾವ:

ತಮ್ಮಾ, ನೀನು ಭೀಮಸೇನ ಜೋಶಿ ಕೇಳಿ ಬೆಳೆದವನು ಅಂದೆ. ಹಾಗಿದ್ದರೆ ಲಂಡನ್, ಸ್ಟಾಕ್‌ಹೋಮ್ ಸುತ್ತುವ ಮೊದಲು ನಮ್ಮ ಮುಂಬೈಯದೇ ಒಂದು ಕೇಳು. ಚರಣಜಿತ್ ಸಿಂಗ್, ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’, 1982. ಈ ಮನುಷ್ಯ ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿದ್ದವರು, ಆರ್.ಡಿ. ಬರ್ಮನ್ ಹಾಡುಗಳಿಗೂ ನುಡಿಸಿದವರು. ಆಗತಾನೆ ಬಂದಿದ್ದ ರೋಲ್ಯಾಂಡ್ ಕಂಪನಿಯ ಸಂಗೀತ ಯಂತ್ರಗಳನ್ನು ತಂದು, ತಾಳಕ್ಕೆ 808, ಬೇಸ್‌ಗೆ 303, ರಾಗಕ್ಕೆ ಜುಪಿಟರ್-8 ಹಿಡಿದು ಹತ್ತು ರಾಗ ನುಡಿಸಿದರು. ಲಲಿತ್, ತೋಡಿ, ಮೇಘ ಮಲ್ಹಾರ್, ಯಮನ್, ಮಾಲಕೌಂಸ್ ಎಲ್ಲ ಇವೆ. ದಕ್ಷಿಣದ ಸಂಗೀತ ಕೇಳುವವರಿಗೆ ಭೂಪಾಲಿ ಅಂದರೆ ಮೋಹನ, ಮಾಲಕೌಂಸ್ ಅಂದರೆ ಹಿಂದೋಳ.

303 ಅನ್ನುವ ಆ ಪುಟ್ಟ ಪೆಟ್ಟಿಗೆ ಮಾಡಿದ್ದು ಬೇಸ್ ಗಿಟಾರಿನವನು ಇಲ್ಲದಾಗ ಅಭ್ಯಾಸಕ್ಕೆ ಅಂತ. ಹಾಗೆ ಬಳಸಿದವರು ಕಡಿಮೆ, ಕಂಪನಿ 1984ರಲ್ಲಿ ತಯಾರಿಕೆಯನ್ನೇ ನಿಲ್ಲಿಸಿತು. ಆದರೆ ಅದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣವಿದೆ. ನಮ್ಮ ಕಿವಿಗೆ ಅದು ಮೀಂಡ್ ಅಲ್ಲದೆ ಇನ್ನೇನು? ಮುಂದೆ 1987ರಲ್ಲಿ ಶಿಕಾಗೋದ ಹುಡುಗರು ಅದೇ ಪೆಟ್ಟಿಗೆಯಿಂದ ಆ್ಯಸಿಡ್ ಹೌಸ್ ಅನ್ನುವ ಹೊಸ ಬಗೆಯನ್ನೇ ಹುಟ್ಟಿಸಿದರು. ಅವರು ಇವರನ್ನು ಕೇಳಿರಲಿಲ್ಲ, ಇವರು ಅವರನ್ನು ಕೇಳುವುದು ಸಾಧ್ಯವೇ ಇರಲಿಲ್ಲ. 2010ರಲ್ಲಿ ರೆಕಾರ್ಡು ಮತ್ತೆ ಬಿಡುಗಡೆಯಾದಾಗ ಯುರೋಪಿನ ಡಿಜೆಗಳು ಇದು ಈಗಿನ ಯಾರೋ ಮಾಡಿದ ಕುಚೇಷ್ಟೆ ಇರಬೇಕು ಅಂದುಕೊಂಡರಂತೆ. ಚರಣಜಿತ್ 2015ರಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ಹೊರದೇಶದ ವೇದಿಕೆಗಳಲ್ಲಿ ನುಡಿಸಿ ಚಪ್ಪಾಳೆ ಪಡೆದರು ಅನ್ನುವುದಷ್ಟೇ ಸಮಾಧಾನ. ಹಾಡುವವರು ಇಲ್ಲ, ನಿಜ. ರಾಗವೇ ಹಾಡುತ್ತದೆ.

ಇನ್ನೊಂದು ನಮ್ಮವರ ಕಥೆ. ಪಾಕಿಸ್ತಾನದ ಗಾಯಕಿ ನಾಜಿಯಾ ಹಸನ್‌ಳ ‘ಡಿಸ್ಕೊ ದೀವಾನೆ’, 1981. ಅದರ ಸಂಗೀತ ‘ಬಿದ್ದು’ ಅನ್ನುವವರದು. ಬಿದ್ದು ಅಪ್ಪಯ್ಯ, ಕೊಡವರು, ಹುಟ್ಟಿದ್ದು ಬೆಂಗಳೂರು. ಲಂಡನ್ನಿಗೆ ಹೋಗಿ 1974ರಲ್ಲಿ ‘ಕುಂಗ್ ಫು ಫೈಟಿಂಗ್’ ಮಾಡಿ ಜಗತ್ತನ್ನೇ ಕುಣಿಸಿದವರು. ನಮ್ಮ ಸಂಘದ ಹುಡುಗರಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ.

ಕಾಲಾ ಘೋಡಾದಲ್ಲಿ ರಿದಂ ಹೌಸ್ ಅನ್ನುವ ರೆಕಾರ್ಡು ಅಂಗಡಿ ಇದ್ದಾಗ ಗಾಜಿನ ಗೂಡಿನಲ್ಲಿ ನಿಂತು ಕೇಳಿ, ಆಮೇಲೆ ಕೊಳ್ಳಬಹುದಿತ್ತು. 2016ರಲ್ಲಿ ಅದೂ ಮುಚ್ಚಿತು. ಈಗ ಎಲ್ಲ ನಿಮ್ಮ ಫೋನಿನಲ್ಲೇ ಇದೆ, ಕೇಳುವ ತಾಳ್ಮೆ ಇದ್ದರೆ.

ವಾಸ್ಕೋದವ:

ಗೋವಾ ಅಂತ ಒಂದಿದೆಯಲ್ರೀ, ಮರೆತೇಬಿಟ್ರಾ? ಒಂದು ಬಗೆಯ ಸಂಗೀತಕ್ಕೆ ಈ ಊರಿನ ಹೆಸರೇ ಇದೆ. ಆಂಜುಣೆಯ ಬೀಚ್ ಪಾರ್ಟಿಗಳಲ್ಲಿ ಬೆಳೆದ ಗೋವಾ ಟ್ರಾನ್ಸ್. ಈ ಬಿಸಿಲಿಗೆ ಪ್ಲಾಸ್ಟಿಕ್ ರೆಕಾರ್ಡು ಡೊಂಕಾಗುತ್ತದೆ ಅಂತ ಇಲ್ಲಿನ ಡಿಜೆಗಳು ಟೇಪಿನಲ್ಲೇ ನುಡಿಸುತ್ತಿದ್ದರು. 2023ರಲ್ಲಿ ತೀರಿಕೊಂಡ ಗೋವಾ ಗಿಲ್ ಆ ಕಾಲದ ದೊಡ್ಡ ಹೆಸರು. ಈಗ ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಸ್ಪೀಕರ್ ಹಾಕುವಂತಿಲ್ಲ, ಆದರೂ ಜಗಳ ನಿಂತಿಲ್ಲ ಬಿಡಿ. ಊರಿನವರಿಗೂ ನಿದ್ದೆ ಬೇಕಲ್ಲ.

ಆಲ್ಬಂ ಅಂತ ಕೇಳಿದರೆ ಹ್ಯಾಲುಸಿನೋಜೆನ್ ಹೆಸರಿನಲ್ಲಿ ಸೈಮನ್ ಪೋಸ್‌ಫರ್ಡ್ ಮಾಡಿದ ‘ಟ್ವಿಸ್ಟೆಡ್’, 1995. ಆದರೆ ಕೊತ್ರೂಡ್‌ನವರೇ, ನಿಮಗೆ ಇದು ಬೇಡ. ನಿಮಿಷಕ್ಕೆ 140 ದಾಟಿದ ಹೊಡೆತ, ಒಂದೊಂದು ತುಂಡೂ ಉದ್ದ, ಹಾಡುವವರು ಇಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಕೇಳಿದರೆ ಆಫೀಸು ತಲುಪುವ ಹೊತ್ತಿಗೆ ಸುಸ್ತಾಗಿರುತ್ತೀರಿ. ಅದೇ ಪೋಸ್‌ಫರ್ಡ್, ಕೊಳಲಿನ ರಾಜಾ ರಾಮ್ ಜೊತೆ ಸೇರಿ ‘ಶ್ಪಾಂಗಲ್’ ಅಂತ ಮಾಡಿದ. 1998ರ ‘ಆರ್ ಯೂ ಶ್ಪಾಂಗಲ್ಡ್?’ ಕೇಳಿ. ನಿಧಾನ, ಕೊಳಲು, ನೀರಿನ ಥರದ ಸದ್ದು. 1995ರಲ್ಲಿ ಭಾರತದಲ್ಲಿ ಇಬ್ಬರೂ ನೋಡಿದ ಪೂರ್ಣ ಸೂರ್ಯಗ್ರಹಣದಿಂದ ಅದರ ಒಂದು ತುಂಡು ಹುಟ್ಟಿತು. ರಾತ್ರಿ ಊಟ ಮುಗಿಸಿ, ದೀಪ ಆರಿಸಿ ಕೇಳುವಂಥದ್ದು.

ಅಂಧೇರಿ ಸೌಂಡ್:

ನನ್ನ ಕೆಲಸವೇ ಸ್ಪೀಕರ್ ಕಟ್ಟುವುದು, ಮದುವೆಯಿಂದ ಕಾರ್ಪೊರೇಟ್ ಪಾರ್ಟಿಯವರೆಗೆ. ಹಾಗಾಗಿ ಹೆಸರು ಹೇಳುವ ಮೊದಲು ಬೇರೆ ಮಾತು.

ಶಫಲ್ ತೆಗೆಯಿರಿ. ಒಂದು ಹಾಡಿನ ಕೊನೆಯನ್ನು ಇನ್ನೊಂದರ ಶುರುವಿಗೆ ಬೆರೆಸುವ ಕ್ರಾಸ್‌ಫೇಡ್ ಕೂಡ ತೆಗೆಯಿರಿ. ಮಡೋನಾ ಆಲ್ಬಂ ಮೊದಲೇ ಜೋಡಿಸಿದ್ದು, ಆ್ಯಪ್ ಅದರ ಮೇಲೆ ಇನ್ನೊಂದು ಜೋಡಣೆ ಮಾಡಿದರೆ ಕೆಟ್ಟುಹೋಗುತ್ತದೆ. ಫೋನಿನ ಸ್ಪೀಕರಿನಲ್ಲಿ ಕೇಳಲೇಬೇಡಿ. ಢಬ್ ಅನ್ನುವ ಕಿಕ್ ಡ್ರಮ್ಮಿನ ತಳದ ಸದ್ದು 50-60 ಹರ್ಟ್ಸ್ ಸುತ್ತಮುತ್ತ ಇರುತ್ತದೆ, ಅಷ್ಟು ಚಿಕ್ಕ ಸ್ಪೀಕರಿಗೆ ಅದು ಬರುವುದೇ ಇಲ್ಲ. ಉಳಿಯುವುದು ಬರೀ ಟಕ ಟಕ. ಇಯರ್‌ಫೋನಿನ ರಬ್ಬರು ಕಿವಿಗೆ ಸರಿಯಾಗಿ ಕೂರದಿದ್ದರೂ ಇದೇ ಕಥೆ. ಬೇಸ್ ಸೋರಿಹೋಗುತ್ತದೆ, ಬಸ್ಸಿನ ಗದ್ದಲ ಒಳಗೆ ಬರುತ್ತದೆ, ನೀವು ವಾಲ್ಯೂಮ್ ಏರಿಸುತ್ತೀರಿ. ದುಬಾರಿ ಇಯರ್‌ಫೋನಿಗಿಂತ ಸರಿಯಾದ ಅಳತೆಯ ರಬ್ಬರು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದ ಹಾಗೆ ಗಂಟೆ ಬೇಗ ಬೇಗ ಇಳಿಯುತ್ತದೆ.

ಢಬ್ ಢಬ್ ಬೇಡ ಅಂದ್ರಿ. ಅದನ್ನು ಎಣಿಸಿ ನೋಡಿ. ನಾಲ್ಕು ಹೊಡೆತಕ್ಕೆ ಒಂದು ಆವರ್ತನ. ಎಂಟು ಆವರ್ತನಕ್ಕೊಮ್ಮೆ, ಅಂದರೆ 32 ಹೊಡೆತಕ್ಕೆ, ಸಾಮಾನ್ಯವಾಗಿ ಏನೋ ಒಂದು ಸೇರುತ್ತದೆ ಇಲ್ಲ ಬಿಟ್ಟುಹೋಗುತ್ತದೆ. ಒಂದು ಚಪ್ಪಾಳೆ, ಒಂದು ಬೇಸ್ ಎಳೆ, ಇಲ್ಲ ಕಿಕ್ಕೇ ಮಾಯ. ಅದು ಹಿಡಿಯಿತು ಅಂದರೆ ಎಲ್ಲವೂ ಒಂದೇ ಥರ ಕೇಳುವುದು ತಾನೇ ನಿಲ್ಲುತ್ತದೆ. ತಾಳ ಹಾಕಿ ಕೂತು ಕೇಳಿದವರಿಗೆ ಇದೇನು ಕಷ್ಟ?

ಇನ್ನು ಜಗಳದ ಮಾತು. ಡಾನ್ಸ್ ಸಂಗೀತಕ್ಕೆ ಆಲ್ಬಂ ಅನ್ನುವುದೇ ಅಷ್ಟಾಗಿ ಹೊಂದುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಅದರ ನಿಜವಾದ ಮನೆ ಹನ್ನೆರಡು ಇಂಚಿನ ಸಿಂಗಲ್, ಅಂದರೆ ಒಂದು ಹಾಡನ್ನೇ ಉದ್ದವಾಗಿ ಹಾಕಿದ ದೊಡ್ಡ ರೆಕಾರ್ಡು. ನ್ಯೂ ಆರ್ಡರ್ ತಂಡದ 1983ರ ‘ಬ್ಲೂ ಮಂಡೇ’ ಏಳೂವರೆ ನಿಮಿಷ. ಅದೇ ವರ್ಷ ಬಂದ ಅವರ ಆಲ್ಬಮ್ಮಿನಲ್ಲಿ, ಬ್ರಿಟನ್ನಿನ ಮೂಲ ಆವೃತ್ತಿಯಲ್ಲಿ, ಅದು ಇರಲೇ ಇಲ್ಲ! ಆದರೂ ಆಲ್ಬಮ್ಮೇ ಬೇಕು ಅಂದರೆ ಪೆಟ್ ಶಾಪ್ ಬಾಯ್ಸ್ ಅವರ ‘ಇಂಟ್ರೊಸ್ಪೆಕ್ಟಿವ್’, 1988. ಆರೇ ಹಾಡು, ಎಲ್ಲವೂ ಆರು ನಿಮಿಷಕ್ಕಿಂತ ಜಾಸ್ತಿ. ಉಳಿದವರು ಚಿಕ್ಕ ಹಾಡು ಮಾಡಿ ಕ್ಲಬ್ಬಿಗೆ ಅಂತ ಎಳೆಯುತ್ತಾರೆ. ಇವರು ಉದ್ದ ಮಾಡಿ ರೇಡಿಯೋಕ್ಕೆ ಅಂತ ಕತ್ತರಿಸಿದರು. ರಾಗವೂ ಇದೆ, ಮಾತಿನಲ್ಲಿ ಕುಹಕವೂ ಇದೆ.

ಠಾಣೆ ತಂಗಿ:

@ಅಂಧೇರಿ ಸೌಂಡ್, ಆಲ್ಬಂ ಹೊಂದುವುದಿಲ್ಲ ಅಂದವರೇ ಆಲ್ಬಂ ಹೇಳಿದ್ರಲ್ಲ! ಡಾಫ್ಟ್ ಪಂಕ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ, ಯಾಕೆ? 2001ರ ‘ಡಿಸ್ಕವರಿ’ ನನಗೆ ಪ್ರಾಣ. ಅವರದೇ, ಗ್ರ್ಯಾಮಿ ಬಂದ ‘ರ‍್ಯಾಂಡಮ್ ಆ್ಯಕ್ಸೆಸ್ ಮೆಮರೀಸ್’ ಮಾತ್ರ ಅರ್ಧಕ್ಕೆ ನಿದ್ದೆ ತರಿಸುತ್ತದೆ. ಅದರಲ್ಲೊಬ್ಬ ಮುದುಕ ಕೂತು ತನ್ನ ಕಥೆ ಹೇಳ್ತಾನೆ, ಒಂಬತ್ತು ನಿಮಿಷ!

ಮಾಟುಂಗಾ ಮಾವ:

ತಂಗೀ, ಆ ಮುದುಕ ಜೋರ್ಜೊ ಮೊರೊಡರ್. 1977ರಲ್ಲಿ ಡೊನ್ನಾ ಸಮ್ಮರ್ ಜೊತೆ ‘ಐ ಫೀಲ್ ಲವ್’ ಮಾಡಿದವನು. ಬೇಸ್ ಸೇರಿ ಹೆಚ್ಚುಕಡಿಮೆ ಎಲ್ಲವೂ ಸಿಂಥಸೈಜರ್‌ನಿಂದ. ನೀನು ಹೊಗಳಿದ ಮಡೋನಾ ಆಲ್ಬಮ್ಮಿನಲ್ಲೂ ಅವನ ನೆರಳಿದೆ. ಅವನ ಮಾತು ಮುಗಿದ ಮೇಲೆ ಆ ಹಾಡು ಎಲ್ಲಿಗೆ ಏರುತ್ತದೆ ಅಂತ ಇನ್ನೊಮ್ಮೆ ಕೇಳು, ಅರ್ಧಕ್ಕೆ ಬಿಡಬೇಡ.

ಕೊತ್ರೂಡ್ ಕನ್ನಡಿಗ:

ಎಲ್ಲರಿಗೂ ಥ್ಯಾಂಕ್ಸ್ ರೀ. ಮಾವ ಹೇಳಿದ್ದರಿಂದಲೇ ಶುರು ಮಾಡಿದೆ. ತೋಡಿ ಬಂದಾಗ ಕಿವಿ ನೆಟ್ಟಗಾಯಿತು. ಕೋಮಲ ಸ್ವರಗಳೆಲ್ಲ ಜಾಗದಲ್ಲೇ ಇವೆ, ಕೆಳಗೆ ಡಿಸ್ಕೊ ಓಡುತ್ತಿದೆ. ಆದರೆ ಹತ್ತಕ್ಕೆ ಹತ್ತೂ ಒಂದೇ ಓಟ, ರಾಗ ಬಿಚ್ಚಿಕೊಳ್ಳುವ ಮೊದಲೇ ಮುಗಿಯುತ್ತದೆ. ಅದೊಂದು ಕೊರತೆ ಅನಿಸಿತು. ಮಡೋನಾ ಪೂರ್ತಿ ಕೇಳಿದೆ, ತಂಗಿ ಹೇಳಿದ್ದು ಸರಿ. ರಾಬಿನ್‌ಳ ಹಾಡು ಇಷ್ಟವಾಯಿತು, ಸದ್ದು ಸ್ವಲ್ಪ ಚೂಪು. ಶ್ಪಾಂಗಲ್ ಶನಿವಾರಕ್ಕೆ ಇಟ್ಟಿದ್ದೇನೆ.

ಇನ್ನೊಂದು ಕೇಳಬೇಕಿತ್ತು. ಈ ಯಂತ್ರ ಸಂಗೀತಕ್ಕೆಲ್ಲ ಮೂಲ ಜರ್ಮನಿಯ ಕ್ರಾಫ್ಟ್‌ವೆರ್ಕ್ ಅಂತ ಆಫೀಸಿನಲ್ಲಿ ಒಬ್ಬರು ಹೇಳುತ್ತಿದ್ದರು. ಅವರ ಆಲ್ಬಂಗಳು ಜರ್ಮನ್‌ನಲ್ಲೂ ಇಂಗ್ಲಿಷ್‌ನಲ್ಲೂ ಕಾಣುತ್ತಿವೆ. ಯಾವುದು ಕೇಳಲಿ?

ವಾಸ್ಕೋದವ:

ಎರಡೂ ಅವರೇ ಹಾಡಿದ್ದು. 1977ರ ‘ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್’ನಿಂದ ಶುರು ಮಾಡಿ, ರೈಲಿನ ಗಾಲಿಯ ಸದ್ದನ್ನೇ ತಾಳ ಮಾಡಿದ್ದಾರೆ. ಮಾತು ಕಡಿಮೆ, ಇಂಗ್ಲಿಷೇ ಸಾಕು. ಹಾಡುಗಾರಿಕೆ ಮಾತ್ರ ನಿರೀಕ್ಷಿಸಬೇಡಿ, ಸ್ಟೇಷನ್ನಿನ ಅನೌನ್ಸ್‌ಮೆಂಟ್ ಥರ ಹೇಳ್ತಾರೆ. ಹಿಡಿಸಿದರೆ 1981ರ ‘ಕಂಪ್ಯೂಟರ್ ವರ್ಲ್ಡ್’, ಅರ್ಧ ಗಂಟೆ ಚಿಲ್ಲರೆ. ನಿಮ್ಮ ಬಸ್ಸು ವಾಕಡ್ ಸೇತುವೆ ದಾಟುವ ಮೊದಲೇ ಮುಗಿದಿರುತ್ತದೆ.