ಅಪ್‌ಡೇಟ್: ಅರ್ಧ ಟ್ಯಾಂಕ್‌ಗೆ ಆಫ್ ಆಗುತ್ತಿದ್ದ ನೈಟ್ರೋ ಟ್ರಕ್, ಕಾರಣ ಸಿಕ್ಕಿತು

ನೈಟ್ರೋ ಇಂಧನದ ಪುಟ್ಟ ಎಂಜಿನ್ ಇರುವ ರಿಮೋಟ್ ಕಂಟ್ರೋಲ್ ಟ್ರಕ್ ಬಗ್ಗೆ ಕೇಳಿದ್ದು ಇದು: ಟ್ಯಾಂಕ್ ತುಂಬಿದ್ದಾಗ ಚೆನ್ನಾಗಿ ಓಡುವ ಎಂಜಿನ್, ಇಂಧನ ಅರ್ಧಕ್ಕಿಳಿದ ಮೇಲೆ ಫುಲ್ ಥ್ರಾಟಲ್‌ನಲ್ಲಿ ಲೀನ್ ಆಗಿ (ಗಾಳಿ ಹೆಚ್ಚಾಗಿ, ಇಂಧನ ಸಾಲದೆ) ನಿಲ್ಲುತ್ತದೆ, ಹೈ-ಸ್ಪೀಡ್ ನೀಡಲ್ (ಹೆಚ್ಚು ವೇಗದಲ್ಲಿ ಇಂಧನದ ಪ್ರಮಾಣ ಹೊಂದಿಸುವ ತಿರುಪು) ಎಷ್ಟು ತಿರುಗಿಸಿದರೂ ಟ್ಯೂನ್ ನಿಲ್ಲದು.

ತಪ್ಪು ನೀಡಲ್‌ನದಲ್ಲ, ಟ್ಯಾಂಕ್ ಮುಚ್ಚಳದ ಓ-ರಿಂಗ್‌ನದು (ಸೋರದಂತೆ ತಡೆಯುವ ರಬ್ಬರ್ ಉಂಗುರ). ಇಲ್ಲಿ ಪಂಪ್ ಇಲ್ಲ. ಎಕ್ಸಾಸ್ಟ್ ಪೈಪ್‌ನಿಂದ ಬರುವ ಒತ್ತಡವೇ ಇಂಧನವನ್ನು ಕಾರ್ಬ್ಯುರೇಟರ್‌ಗೆ ತಳ್ಳಬೇಕು. ಆ ಒತ್ತಡ ಮುಚ್ಚಳದಲ್ಲಿ ಸೋರುತ್ತಿತ್ತು. ಇಂಧನದ ಮಟ್ಟ ಎತ್ತರವಿದ್ದಾಗ ಸೋರಿಕೆ ಗೊತ್ತಾಗಲಿಲ್ಲ, ಇಳಿದಂತೆ ಬಯಲಾಯಿತು.

ಪತ್ತೆಯಾದದ್ದು ನೀರಿನಲ್ಲಿ. ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್ ಕಡೆಯ ಕೊಳವೆ ಮುಚ್ಚಿ, ಮುಳುಗಿಸಿ, ಪ್ರೆಶರ್ ಕೊಳವೆಯಿಂದ ಸಿರಿಂಜ್‌ನಲ್ಲಿ ಮೆಲ್ಲಗೆ ಗಾಳಿ ಕೊಟ್ಟಾಗ ಮುಚ್ಚಳದ ಸುತ್ತ ಗುಳ್ಳೆ ಎದ್ದವು. ಬಾಯಿಂದ ಊದಲೇಬೇಡಿ, ಇಂಧನದಲ್ಲಿರುವ ಮೆಥನಾಲ್ ವಿಷ. ಎಂಜಿನ್ ಹೆಡ್‌ಗೆ ತಾಗುತ್ತಿದ್ದ ಇಂಧನದ ಸಿಲಿಕೋನ್ ಕೊಳವೆಯಲ್ಲೂ ಸೂಜಿಮೊನೆಯಷ್ಟು ತೂತಿತ್ತು. ಇಂಥ ತೂತಿನಿಂದ ಗಾಳಿ ಒಳಗೆಳೆದು ಇಂಧನದಲ್ಲಿ ಗುಳ್ಳೆ ಓಡುತ್ತದೆ.

ಓ-ರಿಂಗ್, ಕೊಳವೆ ಎರಡನ್ನೂ ಬದಲಿಸಿ, ಟ್ಯಾಂಕ್ ಪೂರ್ತಿ ಒಣಗಿಸಿ, ನೀಡಲ್‌ಗಳನ್ನು ಫ್ಯಾಕ್ಟರಿ ಸೆಟ್ಟಿಂಗ್‌ಗೆ ತಂದದ್ದಾಯಿತು. ಇದನ್ನು ಬಿಟ್ಟರೆ ಕೆಲಸ ಕೆಡುತ್ತದೆ: ಸೋರಿಕೆಗೆ ಹೊಂದಿಸಿದ್ದ ಹಳೆಯ ಟ್ಯೂನ್ ಈಗ ವಿಪರೀತ ರಿಚ್ (ಇಂಧನ ಅತಿಯಾಗುತ್ತದೆ). ಅಲ್ಲಿಂದ ಒಂದು ಸಲಕ್ಕೆ 1/8 ಸುತ್ತಿಗಿಂತ ಹೆಚ್ಚು ಬೇಡ, ಪ್ರತಿ ಸಲ ಓಡಿಸಿ ನೋಡಬೇಕು.

ಈಗ ಐಡಲ್‌ನಲ್ಲಿ ಇಂಧನ ಕೊಳವೆ ಹಿಸುಕಿದರೆ ಮೂರು ಸೆಕೆಂಡಿನಲ್ಲಿ ವೇಗ ತುಸು ಏರಿ ಎಂಜಿನ್ ನಿಲ್ಲುತ್ತದೆ. ಟ್ಯಾಂಕ್ ತಳದವರೆಗೂ ನೀಲಿ ಹೊಗೆಯ ಗೆರೆ ಕಡಿಯುವುದಿಲ್ಲ.